ಹುಲಿ ಸುಲಿದ ಗದ್ದೆಪ್ಪ

ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರ ಜಂಬಣ್ಣ, ಗದ್ದೆಪ್ಪನಿಗೆ ಹದಿನೈದು ರೂಪಾಯಿ ಕೂಲಿ ಕೊಡಬೇಕು. ಮೂರು ವರ್ಷವಾಯಿತು, ಕೊಟ್ಟಿಲ್ಲ. ಜೀಪಿನ ಬಾನೆಟ್ಟಿಗೆ ಅಂಟಿಸಿದ್ದ ಸ್ಟಿಕ್ಕರನ್ನು ಬಣ್ಣಕ್ಕೆ ಗೀರು ಬೀಳದಂತೆ ತೆಗೆದ ಕೂಲಿ ಅದು. ಕೆಲಸದಲ್ಲಿ ಒಂದೂ ಕುಂದಿರಲಿಲ್ಲ. ಆ ಕೆಲಸಕ್ಕೇ ಗದ್ದೆಪ್ಪನ ಬಲಗೈ ಬೆರಳುಗಳು ಹೋದವು.

ಗದ್ದೆಪ್ಪ ಗಬ್ಬೂರಿನ ಮಾದಿಗರ ಕೇರಿಯವನು. ಅವನಪ್ಪ ಸತ್ತ ದನ ಸುಲಿಯುತ್ತಿದ್ದ. ಚರ್ಮವನ್ನು ಮೇಲಕ್ಕೆ ಕೀಳಬಾರದು, ಹಿಂದಕ್ಕೆ ಮಡಚಿ, ಮೈಗೆ ಒರಸಿದಂತೆ ಎಳೆಯಬೇಕು ಎಂದು ಮಗನ ಬೆನ್ನಿಗೆ ಬಾರಿಸಿ ಕಲಿಸಿದ್ದ. ಮಗ ಆ ನಾತ ಬೇಡವೆಂದು ರಾಯಚೂರಿಗೆ ಓಡಿಬಂದು, ಖುರ್ಷೀದ್ ಬೇಗಂಳ ಗ್ಯಾರೇಜಿನಲ್ಲಿ ಗಾಡಿ ತೊಳೆಯಲು ಸೇರಿದ. ಗಂಡ ಸತ್ತ ಮೇಲೆ ಗ್ಯಾರೇಜು ಹಿಡಿದು ನಿಂತ ಗಟ್ಟಿ ಹೆಂಗಸು ಆಕೆ. ಲಾರಿ, ಜೀಪುಗಳಿಗೆ ಪ್ಲಾಸ್ಟಿಕ್ ಹಾಳೆಯ ಸ್ಟಿಕ್ಕರ್ ಅಂಟಿಸುವ ಚಟ ಹತ್ತಿದ್ದ ಕಾಲ. ಹಳೆ ಮಾಲೀಕನ ಹೆಸರು, ಸೋತ ಪಕ್ಷದ ಗುರುತು ತೆಗೆಯಲು ಜನ ಬ್ಲೇಡು ಹಾಕಿ ಬಣ್ಣ ಕೆಡಿಸಿಕೊಳ್ಳುತ್ತಿದ್ದರು. ಗದ್ದೆಪ್ಪ ಬ್ಲೇಡು ಮುಟ್ಟಲಿಲ್ಲ. ಬಿಟ್ಟುಬಂದ ಅಪ್ಪನ ಕೈಕಸುಬೇ ಇಲ್ಲಿ ಅನ್ನ ಹಾಕಿತು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಜಂಬಣ್ಣನ ಗಿರಣಿಯ ಹಮಾಲರು ಕೂಲಿ ಏರಿಸಿ ಎಂದು ಕೆಲಸ ನಿಲ್ಲಿಸಿದರು. ಅವರ ಮುಂದಾಳು ವೆಂಕೋಬ. ರಾಯಚೂರಿಗೆ ಬಂದಾಗಲೆಲ್ಲ ಗದ್ದೆಪ್ಪನ ಮನೆಯಲ್ಲೇ ಉಂಡು ಮಲಗುತ್ತಿದ್ದವನು. ಬದಲಿ ಆಳಾಗಿ ಮಾನ್ವಿಗೆ ಬರಬೇಡಿ ಎಂದು ಗಬ್ಬೂರು ಸಂತೆಯಲ್ಲಿ ಜನರಿಗೆ ಹೇಳುತ್ತಿದ್ದಾಗ ಹಸಿರು ಜೀಪೊಂದು ನುಗ್ಗಿ ಅವನನ್ನು ಕೆಡವಿತು. ಹಿಂದಕ್ಕೆ ಬಂದು ಮತ್ತೊಮ್ಮೆ ಹರಿಯಿತು. ಎದೆಗೂಡು ಮುರಿದ ಸದ್ದು ಸಂತೆಯ ಗದ್ದಲದಲ್ಲೂ ಕೇಳಿಸಿತು. ಚೆಲ್ಲಿದ ಉಳ್ಳಾಗಡ್ಡಿ ಗುಡ್ಡೆ ಕೆಂಪಾಯಿತು.

ನಂಬರಿಗೆ ಮಣ್ಣು ಮೆತ್ತಿದ್ದರು. ಬಾನೆಟ್ಟಿನ ಮೇಲೆ ಬಾಯಿ ತೆರೆದ ಬಿಳಿ ಹುಲಿಯ ಮುಖವಿತ್ತು ಎಂದು ಉಳ್ಳಾಗಡ್ಡಿ ಮಾರುವ ದುರುಗಮ್ಮ ಪೊಲೀಸರಿಗೆ ಹೇಳಿದಳು. ಹಸಿರು ಜೀಪು ಜಿಲ್ಲೆಯಲ್ಲಿ ಬೇಕಾದಷ್ಟಿದ್ದವು, ಹುಲಿ ಇದ್ದದ್ದು ಒಂದಕ್ಕೇ. ಪೊಲೀಸರು ಬರೆದುಕೊಂಡದ್ದು ‘ಗುರುತು ಸಿಗದ ವಾಹನ’.

ಮರುದಿನ ಬೆಳಿಗ್ಗೆ ಗಬ್ಬೂರಿನ ಮೇಲೆ ಬರುವ ದೇವದುರ್ಗದ ಬಸ್ಸಿನವರು ಈ ಸುದ್ದಿ ತಂದರು. ಮಧ್ಯಾಹ್ನಕ್ಕೆ ಹುಲಿಯೇ ಗ್ಯಾರೇಜಿಗೆ ಬಂತು.

“ಲೇ ಗದ್ದ್ಯಾ, ಈ ಹುಲಿ ತೆಗಿ. ಮೂರು ವರ್ಷ ನೋಡಿ ಬ್ಯಾಸರಾಗ್ಯದ,” ಎಂದ ಜಂಬಣ್ಣ.

“ಆತ್ರಿ ಸಾವ್ಕಾರ್ರ.”

“ಬಣ್ಣಕ್ಕ ಒಂದು ಗೀರು ಬಿತ್ತಂದ್ರ ನಿನ್ನ ಚರ್ಮ ಸುಲಿತೀನಿ.”

“ಚರ್ಮದ ಕೆಲಸ ನಮ್ದು ಬಿಡ್ರಿ. ನಿಮ್ಮ ಕೈಲೆ ಆಗಂಗಿಲ್ಲ.”

ಜಂಬಣ್ಣ ನಕ್ಕು, ಊಟಕ್ಕೆ ಹೋದ. ಗದ್ದೆಪ್ಪ ಬಗ್ಗಿ ನೋಡಿದ. ಬಂಪರಿನ ಸಂದಿಯಲ್ಲಿ ಒಣಗಿದ ರಕ್ತ, ಅದಕ್ಕೆ ಅಂಟಿದ ಕೂದಲು.

ಖುರ್ಷೀದ್ ಬೇಗಂ ಪಕ್ಕಕ್ಕೆ ಕರೆದಳು. “ಇದು ಅದೇ ಗಾಡಿ ಅದ. ನಕ್ಕೋ, ಬ್ಯಾಡ ಗದ್ದೆಪ್ಪ, ವಾಪಸ್ ಕಳಸು.”

“ನಾ ಬಿಟ್ರ ಇನ್ನೊಬ್ಬ ಬ್ಲೇಡು ಹಾಕಿ ಕೆರಿತಾನ್ರಿ. ಬಣ್ಣ ಹಾಳಾಗ್ತದ, ಹೊಸಾ ಬಣ್ಣ ಹೊಡಸ್ತಾರ, ಅಲ್ಲಿಗಿ ಮುಗೀತು. ಮೂರು ಬ್ಯಾಸಿಗಿ ಬಿಸಿಲಿಗೆ ಬಾನೆಟ್ ಬೆಳ್ಳಗಾಗ್ಯದ. ಹುಲಿ ಕೆಳಗ ಬಿಸಿಲು ಬಿದ್ದಿಲ್ಲ. ಆ ಬಣ್ಣ ಉಳಿಬೇಕ್ರಿ.”

ಜೀಪನ್ನು ಉರಿಬಿಸಿಲಿಗೆ ನಿಲ್ಲಿಸಿ, ಹಾಳೆ ಮೆತ್ತಗಾದ ಮೇಲೆ ಹುಲಿಯ ಕಿವಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದ. ಹಿಂದಕ್ಕೆ ಮಡಚಿ, ಬಾನೆಟ್ಟಿಗೆ ಒರಸಿದಂತೆ ಎಳೆದ. ಕಾದ ತಗಡಿಗೆ ಅಂಗೈ ಬೊಬ್ಬೆ ಎದ್ದಿತು. ಬಿಗಿ ಹಿಡಿದಲ್ಲಿ ಬಿಸಿನೀರಿನ ಬಟ್ಟೆ ಇಟ್ಟ. ಉಳಿದ ಅಂಟಿಗೆ ಸೀಮೆಎಣ್ಣೆ ಅರಿವೆ ಹಾಕಿ ನೆನೆಸಿ ಒರೆಸಿದ. ಹಸಿರು ಬಾನೆಟ್ಟಿನಲ್ಲಿ ಕಡುಹಸಿರು ಹುಲಿ ಬಾಯಿ ತೆರೆದು ಮೂಡಿತು.

ಜಂಬಣ್ಣ ಬರುವುದು ಕಂಡೊಡನೆ ಬಾನೆಟ್ಟಿಗೆಲ್ಲ ಸೀಮೆಎಣ್ಣೆ ಬಳಿದ. ಒದ್ದೆ ಇರುವ ತನಕ ಮಾಸಿದ ಬಣ್ಣವೂ ಹೊಸದರಂತೆ ಮಿಂಚುತ್ತದೆ. ಹುಲಿ ಮುಳುಗಿತು.

ಜಂಬಣ್ಣ ಬಗ್ಗಿ ಗೀರು ಹುಡುಕಿದ. ಸಿಗಲಿಲ್ಲ. “ಶಾಬಾಸ್. ಕೂಲಿ ಗಿರಣಿಗಿ ಬಂದು ಇಸ್ಕೋ.” ಹಿಂದಿನ ಸೀಟಿಗೆ ಒರಗಿ ನಿದ್ದೆ ಹೋದ. ಡ್ರೈವರನ ಕಣ್ಣಿಗೆ ಬಿಸಿಲು ಕುಕ್ಕುತ್ತಿತ್ತು.

ಮಾನ್ವಿ ಮುಟ್ಟುವಷ್ಟರಲ್ಲಿ ಸೀಮೆಎಣ್ಣೆ ಆರಿತ್ತು. ಬಸ್ ನಿಲ್ದಾಣದ ಮುಂದೆ ಹಮಾಲರು ಕೂತಿದ್ದರು. ಗಿರಣಿಯಲ್ಲಿ ತೌಡು ಜರಡಿ ಹಿಡಿಯುವ ಅಮರಮ್ಮ ಮೊದಲು ಕಂಡಳು. “ನೋಡ್ರಿಬೇ, ಹುಲಿ ಸುಲಿಸ್ಕೊಂಡು ಬಂದಾನ, ಆದ್ರೂ ಹುಲಿ ಅದ.”

ಜನ ಮುತ್ತಿದರು, ಕಲ್ಲು ಎತ್ತಿದರು. ವೆಂಕೋಬನ ಹೆಂಡತಿ ಬಸ್ಸಮ್ಮ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತಳು. “ಗಾಡಿಗಿ ಹೊಡಿಬ್ಯಾಡ್ರಿ. ಬಣ್ಣಕ್ಕ ಗೀರು ಬೀಳಬಾರ್ದು.” ಕಲ್ಲುಗಳು ಕೆಳಗಿಳಿದವು. ಜಂಬಣ್ಣನನ್ನು ಕೊರಳಪಟ್ಟಿ ಹಿಡಿದು ಎಳೆದು, ಹಲ್ಲು ಉದುರುವಂತೆ ಚಪ್ಪಲಿಯಲ್ಲಿ ಹೊಡೆದರು. ಪೊಲೀಸರು ಬಾನೆಟ್ಟಿನ ಫೋಟೊ ತೆಗೆಯುವ ತನಕ ಜೀಪನ್ನು ಅಲುಗಲು ಬಿಡಲಿಲ್ಲ.

ಅದೇ ವಾರ ಗ್ಯಾರೇಜಿಗೆ ಜಂಬಣ್ಣನ ಆಳುಗಳು ಬಂದರು. ರಿಪೇರಿಗೆ ನಿಂತಿದ್ದ ಗಾಡಿಯ ಬಾನೆಟ್ಟು ಎತ್ತಿ, ಗದ್ದೆಪ್ಪನ ಬಲಗೈಯನ್ನು ಅದರ ಅಂಚಿನ ಕೆಳಗಿಟ್ಟು ಧಡ್ಡನೆ ಬಿಟ್ಟರು. ಮೇಲೆ ಹತ್ತಿ ಕುಣಿದರು. “ಸುಲಿ ಈಗ, ಸುಲಿ ಮಗನ,” ಎಂದರು. ಖುರ್ಷೀದ್ ಬೇಗಂ ಜಾಕಿನ ಸಲಾಕೆಯಿಂದ ಒಬ್ಬನ ದವಡೆ ಒಡೆದಳು. ಉಳಿದವರು ಅವನನ್ನು ಎಳೆದುಕೊಂಡು ಓಡಿದರು. ಆಸ್ಪತ್ರೆಯಲ್ಲಿ ಗದ್ದೆಪ್ಪನ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನು ಕತ್ತರಿಸಿದರು.

ಜೀಪು ಜಾಮೀನಿನ ಮೇಲೆ ಬಿಡುಗಡೆಯಾಗಿ ಕೆಂಪು ಬಣ್ಣ ಬಳಿದುಕೊಂಡಿತು. ಫೋಟೊದಲ್ಲಿ ಕಾಣುವುದು ಎಣ್ಣೆ ಕಲೆ ಎಂದು ಜಂಬಣ್ಣನ ವಕೀಲ ವಾದಿಸುತ್ತಿದ್ದಾನೆ. ದುರುಗಮ್ಮನ ಗುಡಿಸಲು ಸುಟ್ಟರು. ಆದರೂ ಅವಳು ಕೋರ್ಟಿಗೆ ಬಂದು ಕಂಡದ್ದನ್ನು ಹೇಳಿದಳು. ಒಬ್ಬ ಮುದುಕಿಯ ಮಾತು ಸಾಲದಂತೆ. ಗದ್ದೆಪ್ಪ ಪ್ರತಿ ಸಂತೆಗೂ ಗಬ್ಬೂರಿಗೆ ಹೋಗಿ ಆ ಮೊಂಡುಗೈ ಎತ್ತಿ ಸಾಕ್ಷಿ ಹೇಳಲು ಬನ್ನಿ ಎಂದು ಜನರನ್ನು ಕೇಳುತ್ತಾನೆ. ಜನ ಮೆಣಸಿನಕಾಯಿ ದರ ನೋಡುತ್ತಾರೆ.

ಅವತ್ತು ಆ ಸಂತೆಯಲ್ಲಿ ನೀವಿದ್ದಿರಿ. ಚೀಲ ಹಿಡಿದು ನಿಂತಿದ್ದಿರಿ, ಹುಲಿ ಕಂಡಿದ್ದಿರಿ, ರಕ್ತ ತುಳಿದು ಬಸ್ಸು ಹತ್ತಿದ್ದಿರಿ. ರಾಯಚೂರಿನ ಕೋರ್ಟಿನಲ್ಲಿ ಕೇಸು ಇನ್ನೂ ನಡೆಯುತ್ತಿದೆ. ಗದ್ದೆಪ್ಪನಿಗೆ ನಿಮ್ಮ ಅಯ್ಯೋ ಬೇಡ. ಬನ್ನಿ, ಕಟಕಟೆ ಹತ್ತಿ, ಕಂಡದ್ದನ್ನು ಹೇಳಿ.