ನೂಲಿನ ಹಮಾಮಿನಲ್ಲಿ ಕೇಳಿದ ದನಿ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ನನ್ನ ಮುಂದೆ ಬಾಯಿ ತೆರೆದರೆ ನಾನು ಅವರಿಗೆ ಕೆಲಸ ಹೇಳುತ್ತಿದ್ದೆ. ಜೋಳ ಹಸನು ಮಾಡು, ಇಲ್ಲವೇ ಹೋಗಿ ಕುಳ್ಳು ತಟ್ಟು ಎನ್ನುತ್ತಿದ್ದೆ. ಕೈ ಖಾಲಿ ಇದ್ದವರ ತಲೆಯಲ್ಲಿ ದೆವ್ವ ಇರುತ್ತದೆ, ಗಿಡದಲ್ಲಿ ಇರುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ನಾಲವಾರದಲ್ಲಿ ನಮ್ಮ ಅತ್ತೆ, ಬಾವಿಯ ಹತ್ತಿರದ ಬೇವಿನ ಗಿಡದಲ್ಲಿ ಒಬ್ಬ ಬಾಣಂತಿ ಕೂತಿರುತ್ತಾಳೆ ಎಂದು ಸೊಸೆಯರನ್ನು ಹೆದರಿಸುತ್ತಿದ್ದಳು. ಮದುವೆಯಾಗಿ ಹೋದ ವರ್ಷವೇ ನಾನು ಆ ಗಿಡದ ಕಡ್ಡಿ ಮುರಿದು, ಅದರ ಬುಡದಲ್ಲೇ ಕುಳಿತು ಹಲ್ಲು ತಿಕ್ಕಿ ಬಂದೆ. ಯಾವ ಬಾಣಂತಿಯೂ ಬಂದು ಮಾತಾಡಿಸಲಿಲ್ಲ. ಹಾಗಾಗಿ ಈಗ ನಾನು ಬರೆಯುವುದನ್ನು ನೀವು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ಕಲಿತದ್ದು ಮೂರನೆಯ ಇಯತ್ತೆ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆದಿದ್ದೇನೆ.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ ಅದು. ವಾಡಿಯಲ್ಲಿ ರೈಲು ಹಳಿಯ ಪಕ್ಕ ನೂಲಿಗೆ ಹುರಿ ಹಾಕುವ ಒಂದು ಸಣ್ಣ ಕಾರ್ಖಾನೆ ಇತ್ತು. ತಗಡಿನ ಮಾಡು, ಶಹಾಬಾದ ಕಲ್ಲಿನ ಗೋಡೆ, ಒಳಗೆ ಆರು ಯಂತ್ರ. ನಾನು ಮತ್ತು ನನ್ನ ಮೈದುನನ ಹೆಂಡತಿ ಶರಣಮ್ಮ, ಇಬ್ಬರೂ ನಾಲವಾರದಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ಅವಳು ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ಹಾಗೆ ಅನ್ನುತ್ತಲೇ ನನ್ನ ಮೇಲೆ ಅತ್ತೆಗೆ ಚಾಡಿ ಹೇಳುತ್ತಿದ್ದಳು.

ನೂಲಿಗೆ ಹುರಿ ಹಾಕಿದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಎರಡು ಎಳೆ ಸೇರಿಸಿ ಬಿಗಿಯಾಗಿ ಹೊಸೆದ ನೂಲನ್ನು ಹಾಗೇ ಬಿಟ್ಟರೆ ಅದು ತನ್ನಷ್ಟಕ್ಕೇ ತಿರುಗಿ ಗಂಟು ಗಂಟಾಗುತ್ತದೆ. ಮಗ್ಗಕ್ಕೆ ಏರಿಸಿದರೆ ನೇಕಾರ ನಮ್ಮ ವಂಶವನ್ನೇ ಬೈಯುತ್ತಾನೆ. ಅದಕ್ಕೇ ನೂಲು ಸುತ್ತಿದ ಉರುಳೆಗಳನ್ನೆಲ್ಲ ಒಂದು ಕೋಣೆಯಲ್ಲಿಟ್ಟು ಹಬೆ ಕೊಡಬೇಕು. ಬಿಸಿ ಹಬೆ ತಿಂದ ಮೇಲೆ ನೂಲು ಹಾಕಿದ ಹುರಿಯಲ್ಲೇ ತಣ್ಣಗೆ ಕೂರುತ್ತದೆ. ಆ ಹಬೆಯ ಕೋಣೆಗೆ ನಾವು ಹೆಣ್ಣುಮಕ್ಕಳು ಹಮಾಮು ಎನ್ನುತ್ತಿದ್ದೆವು. ನೂಲಿಗೆ ಸ್ನಾನ ಮಾಡಿಸುವ ಮನೆ.

ಹಮಾಮು ನಮ್ಮ ಅಡುಗೆ ಮನೆಯಷ್ಟು ಇತ್ತು. ಕಿಟಕಿ ಇಲ್ಲ, ದೀಪ ಇಲ್ಲ. ಉರುಳೆ ಜೋಡಿಸಿದ ಎರಡು ಕಬ್ಬಿಣದ ಗಾಡಿಗಳನ್ನು ಒಂದರ ಹಿಂದೆ ಒಂದು ಒಳಗೆ ದೂಡುತ್ತಿದ್ದೆವು. ಮೇಲಿನಿಂದ ನೀರು ತೊಟ್ಟಿಕ್ಕಿ ನೂಲಿಗೆ ಕಲೆಯಾಗಬಾರದೆಂದು ಮೇಲೂ ಸುತ್ತಲೂ ಕಂಬಳಿ ಹೊಡೆದಿದ್ದರು. ಬಾಗಿಲು ದಪ್ಪ ಕಬ್ಬಿಣದ್ದು, ಹೊರಗಿನಿಂದ ಚಕ್ರ ತಿರುಗಿಸಿ ಬಿಗಿಯಬೇಕು. ಹಬೆ ಬಿಡುವ ಖಾಜಾಸಾಬ ಇರುತ್ತಿದ್ದುದು ಗೋಡೆಯ ಆಚೆ, ಬಾಯ್ಲರಿನ ಹತ್ತಿರ. ಅವನಿಗೆ ನಾವು ಕಾಣುವುದಿಲ್ಲ, ನಮಗೆ ಅವನು ಕಾಣುವುದಿಲ್ಲ.

ಅದಕ್ಕೊಂದು ರೂಢಿ ಇತ್ತು. ಹಬೆ ಬಿಡುವ ಮುಂಚೆ ಖಾಜಾಸಾಬ ಗೋಡೆಯ ಆಚೆಯಿಂದ "ಒಳಗ ಯಾರದಾರ?" ಎಂದು ಮೂರು ಸಲ ಕೂಗಬೇಕು. ಕೊನೆಗೆ ಹೊರಬಂದ ಹೆಂಗಸು ಬಾಗಿಲ ಮೇಲೆ ಕೈ ಇಟ್ಟು "ಯಾರೂ ಇಲ್ರಿ" ಎನ್ನಬೇಕು. ಅವಳು ಬೇರೆ ಕೆಲಸಕ್ಕೆ ಹೋದ ಮೇಲೆ ಅವನು ಬಂದು ಬಾಗಿಲು ಬಿಗಿದು, ಹೋಗಿ ಹಬೆ ಬಿಡುತ್ತಿದ್ದ. ಬಾಗಿಲು ಮುಚ್ಚುವಾಗ ಅವನು ಒಳಗೆ ಇಣುಕುತ್ತಿರಲಿಲ್ಲ. ಆ ಕತ್ತಲಲ್ಲಿ ಇಣುಕಿದರೂ ಏನು ಕಾಣಬೇಕು? ಮಾತು ಬಂತೆಂದರೆ ಆಯಿತು. ಕಣ್ಣಿಗಿಂತ ಮಾತನ್ನೇ ನಂಬಿ ಅಲ್ಲಿ ವರ್ಷಗಟ್ಟಲೆ ಕೆಲಸ ನಡೆದಿತ್ತು. ನಮ್ಮ ಪಾಳಿಯಲ್ಲಿ ಆ ಮಾತು ಹೇಳುವವಳು ನಾನು.

ಅಲ್ಲಿ ಹಿಂದೆ ಯಾರಾದರೂ ಸತ್ತಿದ್ದರೇ ಎಂದು ನೀವು ಕೇಳುತ್ತೀರಿ. ನಾನೂ ಆಮೇಲೆ ಎಲ್ಲರನ್ನೂ ಕೇಳಿದೆ. ಯಾರೂ ಸತ್ತಿರಲಿಲ್ಲ. ಒಮ್ಮೆ ಒಂದು ಬೆಕ್ಕು ಸಿಕ್ಕಿಕೊಂಡು ಸತ್ತಿತ್ತಂತೆ. ಬೆಕ್ಕು ಮಾತಾಡುವುದಿಲ್ಲ.

ಆ ದಿನ ಬೆಳಿಗ್ಗೆ ರೈಲುಗಾಡಿಯಲ್ಲೇ ನಮ್ಮಿಬ್ಬರ ಜಗಳ ಆಗಿತ್ತು. ಸೋಮವಾರ ನಾನು ಒಪ್ಪತ್ತು ಇರಬೇಕಾದವಳು ವಾಡಿ ಟೇಶನ್ನಿನಲ್ಲಿ ಮಿರ್ಚಿ ಭಜಿ ತಿಂದೆ ಎಂದು ಶರಣಮ್ಮ ಅತ್ತೆಗೆ ಹೇಳಿದ್ದಳು. ತಿಂದದ್ದು ನಿಜ. ಹೇಳಬೇಕಾಗಿರಲಿಲ್ಲ.

"ನಾಕ್ ಭಜಿ ತಿಂದಿ ಅಂತ ಹೇಳೀನಿ ಅಕ್ಕಾ, ಆರ್ ತಿಂದಿದ್ದಿ. ಎರಡ್ ಮುಚ್ಚಿಟ್ಟೀನಲ್ಲ, ಅದರ ಉಪಕಾರನೂ ಇಲ್ಲ ನಿನಗ" ಎಂದು ಅವಳು ನಕ್ಕಳು. ಡಬ್ಬಿಯ ಜನರೂ ನಕ್ಕರು. ನನಗೆ ಮೈ ಉರಿದು, "ಸುಟ್ಕೊಂಡ್ ಸಾಯಿ, ಚಾಡಿಖೋರಿ" ಎಂದೆ. ಇಡೀ ಡಬ್ಬಿ ಕೇಳಿತು. ನಮ್ಮ ಕಡೆ ಹೆಂಗಸರು ದಿನಕ್ಕೆ ಹತ್ತು ಸಲ ಅನ್ನುವ ಬೈಗುಳ ಅದು. ಆ ದಿನ ಅಂದದ್ದಕ್ಕೆ ಮಾತ್ರ ನಾನು ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮಧ್ಯಾಹ್ನ ಮೂರರ ಸುಮಾರಿಗೆ ಎರಡನೆಯ ಸಲದ ಉರುಳೆ ಗಾಡಿಗಳನ್ನು ಹಮಾಮಿಗೆ ದೂಡಿದೆವು. ಒಳಗಿನ ಗಾಡಿಯಿಂದ ಐದಾರು ಉರುಳೆಗಳು ಜಾರಿ ಅದರ ಹಿಂದೆ ಬಿದ್ದವು. ಶರಣಮ್ಮ ಸಣಕಲಿ, ಸಂದಿಯಲ್ಲಿ ತೂರಿ ಹಿಂದಕ್ಕೆ ಹೋದಳು, ಕತ್ತಲಲ್ಲಿ ಕೈಯಾಡಿಸಿ ಹುಡುಕತೊಡಗಿದಳು. ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆನಲ್ಲ, ಏನೂ ಹೇಳದೆ ಕೊಡ ತೆಗೆದುಕೊಂಡು ನೀರಿಗೆ ಹೋದೆ. ನಾನು ಬಂದು ಮಾತು ಹೇಳುವವರೆಗೆ ಹಬೆ ಬಿಡುವುದಿಲ್ಲ ಎಂಬ ಧೈರ್ಯ ನನಗೆ.

ನಲ್ಲಿ ಇದ್ದುದು ಹಳಿಯ ಆಚೆ. ಕೊಡ ತುಂಬಿ ತಲೆಯ ಮೇಲೆ ಇಟ್ಟುಕೊಳ್ಳುವಷ್ಟರಲ್ಲಿ ಸುಣ್ಣದ ಕಲ್ಲು ತುಂಬಿದ ಮಾಲುಗಾಡಿಯೊಂದು ಬಂದು ಅಡ್ಡ ನಿಂತಿತು. ಈಚೆ ನಾನು, ಆಚೆ ಕಾರ್ಖಾನೆ. ಹಳಿ ನೋಡುವ ಒಬ್ಬ ಮುದುಕ ಅಲ್ಲೇ ಇದ್ದ, ನನ್ನ ತವರು ತೆಂಗಳಿಯವನು. ಅವನೊಂದಿಗೆ ತವರಿನ ಸುದ್ದಿ ಮಾತಾಡುತ್ತ ನಿಂತೆ. ಒಂದು ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತು ಗಾಡಿ ಕದಲಲಿಲ್ಲ. ಇದನ್ನು ನೀವು ಸರಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಾನು ಮಾಲುಗಾಡಿಯ ಈಚೆ ಇದ್ದೆ.

ಗಾಡಿ ಹೋದ ಮೇಲೆ ಒಳಗೆ ಬಂದು ನೋಡಿದರೆ ಹಮಾಮಿನ ಬಾಗಿಲು ಬಿಗಿದಿತ್ತು. ಖಾಜಾಸಾಬ ಬಾಯ್ಲರಿನ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ.

"ಶರಣಿ ಎಲ್ಲಿ?" ಎಂದೆ.

"ನಿನ್ನ ಜೋಡಿ ನೀರಿಗಿ ಹೋಗಿಲ್ಲೇನ್?"

"ಒಳಗಿದ್ದಳಲ್ಲೋ!"

ಅವನ ಮುಖ ಸುಣ್ಣದ ಹಾಗಾಯಿತು. "ಯಾರೂ ಇಲ್ರಿ ಅಂತ ನೀನೇ ಅಂದಿ ಅಲ್ಲಕ್ಕಾ! ಖುದಾ ಕಸಮ್, ನೀನೇ ಅಂದಿ!"

ಅಷ್ಟರಲ್ಲಿ ಒಳಗೆ ಕೊಳವೆ ಧಡ್ ಧಡ್ ಎಂದು ಬಡಿದುಕೊಳ್ಳತೊಡಗಿತು. ಹಬೆ ಬರುವ ಮುಂಚೆ ಕೊಳವೆಯಲ್ಲಿ ನಿಂತ ನೀರು ಕುದಿಯುತ್ತ ನೆಲಕ್ಕೆ ಉಗುಳುತ್ತದೆ, ಆ ಸದ್ದು ಅದು. ಕೊಡ ಎಲ್ಲಿ ಬಿತ್ತೋ ಗೊತ್ತಿಲ್ಲ. ಖಾಜಾಸಾಬ ಹಬೆ ನಿಲ್ಲಿಸಲು ಓಡಿದ. ನಾನು ಚಕ್ರಕ್ಕೆ ಜೋತುಬಿದ್ದೆ. ಸುತ್ತುವ ಯಂತ್ರದ ಇಬ್ಬರು ಹೆಣ್ಣುಮಕ್ಕಳು ಓಡಿಬಂದು ಕೈ ಹಚ್ಚಿದರು. ಬಾಗಿಲು ತೆಗೆದಾಗ ಬಿಳಿ ಹಬೆ ಮುಖಕ್ಕೆ ಹೊಡೆಯಿತು. ನಾನು ಸೆರಗು ಮುಖಕ್ಕೆ ಒತ್ತಿಕೊಂಡು ನುಗ್ಗಿ, ಸಂದಿಯಲ್ಲಿ ಕೈ ಹಾಕಿ, ಸಿಕ್ಕ ಕಡೆ ಹಿಡಿದು ಅವಳನ್ನು ಎಳೆದು ತಂದೆ. ಜೀವ ಇತ್ತು. ಪಾದದಿಂದ ಮೊಣಕಾಲಿನವರೆಗೆ ಚರ್ಮ ಸುಲಿದು ಹೋಗಿತ್ತು. ಇನ್ನು ನಾಲ್ಕು ಉಸಿರು ತಡವಾಗಿದ್ದರೆ ಹೆಣ ತರುತ್ತಿದ್ದೆ.

ಆಮೇಲೆ ಶುರುವಾಯಿತು ನನ್ನ ಪಾಡು. ಖಾಜಾಸಾಬ ಕುರಾನಿನ ಮೇಲೆ ಕೈ ಇಟ್ಟು, ಕೇಳಿದ್ದು ನನ್ನ ದನಿಯೇ ಎಂದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಯಂತ್ರದ ಮೇಲಿದ್ದ ಆ ಇಬ್ಬರೂ ಕೇಳಿದ್ದರು. ನನ್ನ ದನಿ ಸ್ವಲ್ಪ ಗಂಡಸಿನ ಹಾಗೆ ಒರಟು, ತಪ್ಪುವ ಹಾಗಿಲ್ಲ. ಮೂರು ಸಲ ಕೇಳಿದ್ದಕ್ಕೆ ಮೂರನೆಯ ಸಲಕ್ಕೆ, ನಾನು ದಿನಾ ಹೇಳುವ ರಾಗದಲ್ಲೇ "ಯಾರೂ ಇಲ್ರಿ" ಎಂದು ಬಂದಿತ್ತಂತೆ. ಹಳಿಯ ಮುದುಕ ಬಂದು, ಈಕೆ ನನ್ನ ಹತ್ತಿರ ನಿಂತಿದ್ದಳು ಎಂದು ಹೇಳಿದ. ಅವನು ತೆಂಗಳಿಯವನು, ತವರಿನ ಹೆಣ್ಣುಮಗಳ ಪರ ಮಾತಾಡುತ್ತಾನೆ ಎಂದರು. ಬೆಳಿಗ್ಗೆ ನಾನು ಗಾಡಿಯಲ್ಲಿ ಅಂದ ಮಾತು ನಮಗಿಂತ ಮೊದಲೇ ನಾಲವಾರ ಮುಟ್ಟಿತ್ತು.

ಮನೆಯಲ್ಲಿ ಗಂಡ ಒಂದೇ ಸಲ ಕೇಳಿದ. "ಅಂದಿಯೋ ಇಲ್ಲೋ?" ಇಲ್ಲ ಎಂದೆ. ಆಮೇಲೆ ನಾನು ಕೊಟ್ಟ ನೀರು ಕುಡಿಯುವ ಮುಂಚೆ ಅವನು ತಂಬಿಗೆಯೊಳಗೆ ನೋಡತೊಡಗಿದ. ಅತ್ತೆ ನನ್ನನ್ನು ಶರಣಮ್ಮನ ಕೋಣೆಯ ಹೊಸ್ತಿಲು ತುಳಿಯಗೊಡಲಿಲ್ಲ. ಶರಣಮ್ಮ ಯಾರೊಂದಿಗೂ ತುಟಿ ಬಿಚ್ಚುತ್ತಿರಲಿಲ್ಲ. ಅವಳೂ ನಂಬಿದ್ದಾಳೆ ಎಂದುಕೊಂಡೆ. ಹದಿನೈದನೆಯ ದಿನಕ್ಕೆ ಮಾವ ತೆಂಗಳಿಯಿಂದ ನನ್ನ ಅಣ್ಣನನ್ನು ಕರೆಸಿದ. ನನ್ನನ್ನು ತವರಿಗೆ ಕಳಿಸುವುದು, ಎರಡೂ ಮಕ್ಕಳು ಇಲ್ಲೇ ಇರುವುದು ಎಂದು ಮಾತಾಯಿತು.

ನಿಜ ಹೇಳುತ್ತೇನೆ, ಆ ಹದಿನೈದು ದಿನ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ನನ್ನ ಸಿಟ್ಟೇ ನನ್ನನ್ನು ಬಿಟ್ಟು ಹೋಗಿ ಅಲ್ಲಿ ನಿಂತು ಮಾತಾಡಿತೇ? ಒಬ್ಬಳೇ ಇದ್ದಾಗ ಬಾಯಿ ತೆರೆಯಲು ಹೆದರಿಕೆಯಾಗುತ್ತಿತ್ತು. ಮಕ್ಕಳನ್ನು ಹೆಸರಿಟ್ಟು ಕೂಗಲೂ ಹೆದರುತ್ತಿದ್ದೆ.

ಅಣ್ಣ ಬಂದ ದಿನ ಗಂಟು ಕಟ್ಟುತ್ತಿದ್ದೆ. ಒಳಗಿನಿಂದ ಶರಣಮ್ಮ, "ಕಾಲಿಗಿ ಎಣ್ಣಿ ಹಚ್ಚಲಿಕ್ಕ ಅಕ್ಕನ್ನ ಕಳಸ್ರಿ. ಆಕಿ ಬಿಟ್ಟು ಬ್ಯಾರೇ ಯಾರೂ ಬ್ಯಾಡ" ಎಂದಳು. ಅತ್ತೆ ಗೊಣಗುತ್ತ ದಾರಿ ಬಿಟ್ಟಳು. ಸುಣ್ಣದ ತಿಳಿ, ಕೊಬ್ಬರಿ ಎಣ್ಣೆ ಕಲಸಿಕೊಂಡು ಹೋಗಿ ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ನೀ ಹೊರಗಿಂದ ಅಂದಿಲ್ಲ ಅಕ್ಕಾ, ನನಗ ಗೊತ್ತದ" ಎಂದಳು. "ಆ ಮಾತು ಹೊರಗಿಂದ ಬಂದಿಲ್ಲ. ಒಳಗಿಂದ ಬಂತು. ನನ್ನ ಬಾಜೂಕಿಂದ."

ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟೆ.

"ಮತ್ತ ನೀ ಯಾಕ ಒದರಲಿಲ್ಲ?"

"ನೀನೇ ಬಾಜೂಕ ಬಂದು ಕುಂತೀ ಅಂತ ತಿಳಕೊಂಡೆ. ಬೆಳಿಗ್ಗಿ ಸಿಟ್ಟಿಗಿ ನನ್ನ ಹೆದರಸ್ಲಿಕತ್ತಿ, ಇನ್ನೊಂದ್ ಗಳಗಿಗಿ ನೀನೇ ಖಾಜಾನ ಕೂಗ್ತಿ ಅಂತ ನಗ್ಲಿಕತ್ತಿದ್ದೆ. ಬಾಗಲಾ ಬಿಗದ ಮ್ಯಾಲ ಒದರದೆ. ಆ ಕಂಬಳ್ಯಾಗ ಯಾರಿಗಿ ಕೇಳಬೇಕು?"

ಕಾಲಿನ ಕಡೆ ಬೆರಳು ತೋರಿಸಿ ಮತ್ತೆ ಹೇಳಿದಳು. "ಕುದಿಯೋ ನೀರು ಬಂತಲ್ಲ, ಆವಾಗ ನಿನಗ ಸಿಡೀತದ ಅಂತ ನಿನ್ನ ಜಗ್ಗಿ ನನ್ನ ಹಿಂದ ಹಾಕ್ಕೊಂಡೆ. ಅದಕ್ಕೇ ನನ್ನ ಕಾಲು ಹಿಂಗ ಆಗ್ಯಾವ."

ಕೇಳಬಾರದಿತ್ತು, ಕೇಳಿದೆ. "ಜಗ್ಗಿದಾಗ ಕೈಗಿ ಏನರೆ ಸಿಕ್ತೇನ್?"

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಮುಂಗೈಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತೊಡೆಯ ಮೇಲಿಂದ ಪಾದ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

ಆ ದಿನವೇ ಅವಳು ಮಾವನನ್ನು ಕರೆದು, ಅಕ್ಕ ಅಂದಿಲ್ಲ, ಅಕ್ಕ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿದಳು. ಬೇರೇನೂ ಹೇಳಲಿಲ್ಲ. ಸುಟ್ಟವಳೇ ಹಾಗೆಂದ ಮೇಲೆ ಮಾವ ಒಪ್ಪಿದ, ಅಣ್ಣ ಊಟ ಮಾಡಿ ಹೊರಟು ಹೋದ. ನಾವಿಬ್ಬರೂ ಮತ್ತೆ ಆ ಕಾರ್ಖಾನೆಯ ಮೆಟ್ಟಿಲು ಹತ್ತಲಿಲ್ಲ. ಒಂದೇ ಒಲೆಯ ಮುಂದೆ ಎಷ್ಟೋ ವರ್ಷ ರೊಟ್ಟಿ ಬಡಿದೆವು, ಜಗಳವಾಡಿದೆವು, ಮಕ್ಕಳ ಮದುವೆ ಮಾಡಿದೆವು. ಅವಳು ನನಗೆ ಏನು ಬೇಕಾದರೂ ಕೊಡುತ್ತಿದ್ದಳು, ಕೈಗೆ ಮಾತ್ರ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಟ್ಟು ಸರಿಸುತ್ತಿದ್ದಳು.

ಅವಳು ಹೋಗಿ ಈಗ ಮೂರು ವರ್ಷ. ಕೊನೆಯ ವಾರ ನಾನು ಹಾಸಿಗೆಯ ಹತ್ತಿರವೇ ಇದ್ದೆ, ಹಮಾಮಿನಲ್ಲಿ ಕೈಗೆ ಏನು ಸಿಕ್ಕಿತ್ತು ಎಂದು ಕೇಳಬಹುದಾಗಿತ್ತು. ನಿನ್ನ ಕೈಯೇ ಸಿಕ್ಕಿತ್ತು ಎಂದುಬಿಟ್ಟರೆ ನಾನು ಏನು ಮಾಡಲಿ ಎಂದು ಕೇಳಲಿಲ್ಲ.