ಅಕ್ಕನ ಮನೆ ಮುಂದೆ ನಿಂತ ಗ್ಯಾಸ್ ಟ್ಯಾಂಕರು

ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ನಮ್ಮ ಪ್ಲಾಂಟಿನಲ್ಲಿ ಎಲ್ಲರಿಗೂ ಗೊತ್ತು. ಗ್ಯಾಸ್ ಟ್ಯಾಂಕರು ಓಡಿಸುವವನಿಗೆ ಅಷ್ಟು ಸಿಟ್ಟು ಇರಲೇಬೇಕು ಎಂದು ನಾನೂ ವಾದ ಮಾಡಿಕೊಂಡು ಬಂದವನೇ. ಒಮ್ಮೆ ಹುಣಸೂರು ದಾಟಿ ಟೈರು ನೋಡಲು ಗಾಡಿ ನಿಲ್ಲಿಸಿದಾಗ, ದಾರಿಹೋಕನೊಬ್ಬ ಪಕ್ಕದಲ್ಲೇ ಬೀಡಿ ಹಚ್ಚಿದ. ಅವನ ಕೊರಳಪಟ್ಟಿ ಹಿಡಿದು ಗದ್ದೆಗೆ ದಬ್ಬಿದ್ದೆ. ಹೊಸ ಡ್ರೈವರುಗಳಿಗೆ ತರಬೇತಿ ಕೊಡುವ ದಿನ ಸಾಹೇಬರು ನನ್ನನ್ನೇ ಎದ್ದು ನಿಲ್ಲಿಸುತ್ತಿದ್ದರು. ಲೋಡು ಗಾಡಿಯನ್ನು ಮನೆಗಳಿರುವ ಕಡೆ ನಿಲ್ಲಿಸಬಾರದು, ಬೆಂಕಿಯ ಹತ್ತಿರವಂತೂ ಸುಳಿಯಬಾರದು, ಈ ಗ್ಯಾಸು ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಇಷ್ಟನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮಂಗಳೂರಿನಿಂದ ಲೋಡು ತುಂಬಿಕೊಂಡು ಮೈಸೂರಿಗೆ ಬರುವ ದಾರಿಯಲ್ಲಿ, ಪಿರಿಯಾಪಟ್ಟಣಕ್ಕೂ ಹುಣಸೂರಿಗೂ ನಡುವೆ ನನ್ನ ಅಕ್ಕನ ಮನೆ. ಬಾಗಿಲು ತೆಗೆದರೆ ರಸ್ತೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳ ಕೈಯ ಉಪ್ಪುಸಾರು, ಮುದ್ದೆ ಉಣ್ಣದೆ ಆ ಊರು ದಾಟಿದವನಲ್ಲ ನಾನು. ಮನೆಯ ಪಕ್ಕದಲ್ಲಿ, ರಸ್ತೆಗಿಂತ ಒಂದಾಳು ತಗ್ಗಿನಲ್ಲಿ, ಭಾವನ ಬ್ಯಾರನ್, ಅಂದರೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆ, ಇತ್ತು. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಅದರ ಒಲೆ ಹಗಲೂ ರಾತ್ರಿ ಉರಿಯುತ್ತದೆ. ಆಗಲೂ ನಾನು ಅಲ್ಲೇ ನಿಲ್ಲಿಸುತ್ತಿದ್ದೆ.

ಅವತ್ತು ಶುಕ್ರವಾರ, ಮಧ್ಯಾಹ್ನ. ನನ್ನ ಕೈಗೆ ಹೊಸ ಟ್ಯಾಂಕರು ಬಂದಿತ್ತು. ಅದರ ಮೊದಲ ಲೋಡು. ಗಾಡಿ ನಿಂತಿದ್ದೇ ತಡ, ಅಕ್ಕ ತಟ್ಟೆಯಲ್ಲಿ ಬೂದುಗುಂಬಳಕಾಯಿ, ಅದರ ಮೇಲೊಂದು ಕರ್ಪೂರದ ಗಡ್ಡೆ, ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಹೊರಗೆ ಬಂದಳು.

"ಎಷ್ಟು ಜನ ಕಣ್ಣಾಕವ್ರೋ ಏನೋ, ದೃಷ್ಟಿ ತೆಗ್ದುಬುಡ್ತೀನಿ ತಡಿಯಪ್ಪ," ಅಂದಳು.

ನಮ್ಮ ಪ್ಲಾಂಟಿನಲ್ಲಿ ಆಯುಧಪೂಜೆಗೂ ಕರ್ಪೂರ ಹಚ್ಚುವುದಿಲ್ಲ. ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ, ಅಷ್ಟೇ. ಬೇಡ ಕಣಕ್ಕ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವಳ ಸಂತೋಷ ಯಾಕೆ ಕೆಡಿಸಲಿ ಎನಿಸಿತು. ನಿಜ ಹೇಳಬೇಕೆಂದರೆ, ನನಗೂ ಹಿಗ್ಗಾಗಿತ್ತು. ಮುಂದುಗಡೆ ನಿವಾಳಿಸುತ್ತಾಳೆ, ವಾಲ್ವು ಇರುವುದು ಹಿಂದುಗಡೆ, ಏನಾಗುತ್ತದೆ ಎಂದುಕೊಂಡು ಹಿತ್ತಲ ತೊಟ್ಟಿಗೆ ಮುಖ ತೊಳೆಯಲು ಹೋದೆ. ನನ್ನ ಜೊತೆಗಿದ್ದ ಎರಡನೇ ಡ್ರೈವರು ಆಗಲೇ ಜಗಲಿಯಲ್ಲಿ ಕೂತಿದ್ದ.

ಒದ್ದೆ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ರಸ್ತೆಗೆ ಬರುವಾಗ ವಾಸನೆ ಬಂತು. ಅಲ್ಲಿಯ ಗಾಳಿಯಲ್ಲಿ ಯಾವಾಗಲೂ ಸೊಪ್ಪಿನ ಘಾಟು, ಸೌದೆಯ ಹೊಗೆ. ಆದರೂ ಗ್ಯಾಸಿನ ಆ ಕೊಳೆತ ನಾತ ನನ್ನ ಮೂಗಿಗೆ ತಪ್ಪುವುದಿಲ್ಲ. ಹಿಂದುಗಡೆ ವಾಲ್ವಿನ ಪೆಟ್ಟಿಗೆಯಿಂದ ಸುಯ್ ಎನ್ನುವ ಸಣ್ಣ ಸದ್ದು. ಅಕ್ಕ ಮುಂದುಗಡೆ ಮೂರು ಸುತ್ತು ಮುಗಿಸಿ, ಕುಂಬಳಕಾಯಿಯ ಮೇಲೆ ಕರ್ಪೂರ ಧಗಧಗ ಉರಿಯುತ್ತಿದ್ದ ಹಾಗೇ, ಗಾಡಿಯ ಪಕ್ಕದಲ್ಲಿ ಹಿಂದಕ್ಕೆ ನಡೆಯುತ್ತಿದ್ದಳು. ಹಿಂದಿನಿಂದ ಬಿದ್ದ ಕಣ್ಣೂ ಹೋಗಬೇಕಲ್ಲ.

"ಅಕ್ಕಾ, ಅಲ್ಲೇ ನಿಂತ್ಕೊ, ಆರ್ಸು ಅದನ್ನ," ಎಂದು ಕಿರುಚಿದೆ.

ಅವಳು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ದೃಷ್ಟಿ ತೆಗೆಯುವವರು ನಡುವೆ ಮಾತಾಡಬಾರದು, ಕರೆದರೆ ಓಗೊಡಬಾರದು, ಅರ್ಧಕ್ಕೆ ಬಿಡಬಾರದು. ಆ ಶಾಸ್ತ್ರ ನನಗೂ ಗೊತ್ತು. ನಾನು ಕೂಗಿದಷ್ಟೂ ಅವಳು ತುಟಿ ಬಿಗಿಹಿಡಿದು ಬೇಗ ಬೇಗ ಹೆಜ್ಜೆ ಹಾಕಿದಳು.

ಹೇಗೆ ಓಡಿದೆನೋ ತಿಳಿಯದು. ಪೆಟ್ಟಿಗೆಗೆ ಇನ್ನು ಹತ್ತು ಹೆಜ್ಜೆ ಇತ್ತೇನೋ, ಒದ್ದೆ ಟವೆಲ್ಲನ್ನು ಕುಂಬಳಕಾಯಿಯ ಮೇಲೆ ಹಾಕಿ ಅಮುಕಿ, ಅದನ್ನೂ ಅಕ್ಕನನ್ನೂ ಒಟ್ಟಿಗೆ ತಬ್ಬಿಕೊಂಡು ಗಾಳಿ ಬರುವ ಕಡೆಗೆ ಎಳೆದುಕೊಂಡು ಹೋದೆ. ಎರಡನೇ ಡ್ರೈವರು ಕಿಡಿ ಹಾರದ ಹಿತ್ತಾಳೆ ಸ್ಪ್ಯಾನರ್ ಹಿಡಿದು ಓಡಿ ಬಂದ. ಸಡಿಲವಾಗಿದ್ದ ಬೋಲ್ಟು ಬಿಗಿದ. ಸದ್ದು ನಿಂತಿತು.

ಆಮೇಲೆ ನನ್ನ ಕಣ್ಣು ತಗ್ಗಿಗೆ ಹೋಯಿತು. ಬ್ಯಾರನ್ನಿನ ಒಲೆಯ ಬಾಯಲ್ಲಿ ಭಾವ ಕುಕ್ಕರುಗಾಲಲ್ಲಿ ಕೂತು ಸೌದೆ ದಬ್ಬುತ್ತಿದ್ದರು. ಮೇಲೆ ಏನಾಯಿತೆಂದು ಅವರಿಗೆ ಗೊತ್ತೇ ಇಲ್ಲ. ಸೋರಿದ್ದ ಗ್ಯಾಸು ಹರಿದು ಇಳಿಯಬೇಕಾಗಿದ್ದ ಜಾಗ ಅದೇ. ಅವತ್ತು ಗಾಳಿ ಬ್ಯಾರನ್ ಕಡೆಯಿಂದ ರಸ್ತೆಯ ಆಚೆಯ ಜೋಳದ ಹೊಲಕ್ಕೆ ಜೋರಾಗಿ ಬೀಸುತ್ತಿತ್ತು. ಭಾವ ಉಳಿದದ್ದು ಆ ಗಾಳಿಯಿಂದ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಜೊತೆಗಾರ ದೂರ ಹೋಗಿ ಪ್ಲಾಂಟಿಗೆ ಫೋನು ಮಾಡಿದ. ಅವರು ಬಂದು ನೋಡುವವರೆಗೂ ಗಾಡಿ ಕದಲಿಸುವಂತಿರಲಿಲ್ಲ. ಭಾವನನ್ನು ಮೇಲಕ್ಕೆ ಕರೆಸಿ, ಎಲ್ಲರೂ ದೂರದ ಹುಣಸೆಮರದ ಕೆಳಗೆ ಹೋಗಿ ನಿಂತೆವು. ಆಗ ನನ್ನ ಹೆದರಿಕೆ ಸಿಟ್ಟಾಗಿ ಅಕ್ಕನ ಮೇಲೆ ತಿರುಗಿತು.

"ಕಿವಿ ಕೇಳಿಸ್ನಿಲ್ವಾ ನಿಂಗೆ? ಗ್ಯಾಸ್ ಗಾಡಿ ತಾವ್ಕೆ ಯಾರಾರ ಬೆಂಕಿ ತತ್ತಾರಾ? ಒಸಿನಾರ ಬುದ್ಧಿ ಬ್ಯಾಡ್ವಾ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನು ಇಷ್ಟು ವರ್ಸ ಬೆಂಕಿ ತಾವ್ಕೇ ತಂದು ನಿಲ್ಲುಸ್ತಿದ್ದಲ್ಲಪ್ಪ," ಅಂದಳು. "ಬ್ಯಾರನ್ ಉರಿಯೋವಾಗ್ಲೂ ನಿಲ್ಸಿ, ಉಂಡು, ಒಸಿ ಒತ್ತು ಮಲ್ಗೆದ್ದು ಓಯ್ತಿದ್ದೆ. ಏನೂ ಆಗಕಿಲ್ಲ ಅಂತ ನಾನು ಕಲ್ತಿದ್ದು ಅದ್ನ ನೋಡೇ ಕಣ್ಲಾ."

ಊರವರಿಗೆಲ್ಲ ಬೈದು ಬುದ್ಧಿ ಹೇಳಿದವನು, ಒಡಹುಟ್ಟಿದವಳಿಗೆ ಕಲಿಸಿದ ಪಾಠ ಇದು.

ಅಕ್ಕ ಭಾವನ ಮಸಿ ಹತ್ತಿದ ಕೈಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಇಂಗೂ ಆಗ್ಬೋದು ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

ಸುಳ್ಳು ಹೇಳಲು ಆಗಲಿಲ್ಲ.

"ಗೊತ್ತಿತ್ತು ಕಣಕ್ಕ," ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಗಾಡಿ ಸರಿಯಾದ ಮೇಲೆ ತಗೊಂಡು ಹೋಗು, ಇನ್ನು ಇಲ್ಲಿ ನಿಲ್ಲಿಸಬೇಡ ಎಂದಷ್ಟೇ ಹೇಳಿ ಮುಖ ಆಚೆ ತಿರುಗಿಸಿದಳು. ಪ್ಲಾಂಟಿನವರು ಬಂದು, ನೋಡಿ, ಗಾಡಿ ಹೊರಡಬಹುದು ಅನ್ನುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಕ್ಕ ಮನೆಯೊಳಗೆ ಹೋದವಳು ಬಾಗಿಲಿಗೆ ಬರಲಿಲ್ಲ. ಅವ್ವ ಹೋದ ದಿನದಿಂದ ಈಚೆಗೆ ಅವಳು ನನಗೆ ಉಣ್ಣಲು ಇಕ್ಕದೆ ಕಳಿಸಿದ್ದು ಅದೇ ಮೊದಲು.