ಅಂದಾಜಪ್ಪನ ತೂಕದ ಯಂತ್ರ

ನನ್ನ ತರಗತಿಯಲ್ಲಿ ಓದಿದ ಒಬ್ಬ ಹುಡುಗನನ್ನು ಗೆಳೆಯರು ಅಂದಾಜಪ್ಪ ಎಂದೇ ಕರೆಯುತ್ತಿದ್ದರು. ಅಳತೆಪಟ್ಟಿ ಮುಟ್ಟದೆ ಬೆಂಚಿನ ಉದ್ದ ಹೇಳಿಬಿಡುತ್ತಿದ್ದ. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ಮುಂದೆ ಅವನು ಮಕ್ಕಳ ವೈದ್ಯನಾಗಿ ಒಳ್ಳೆಯ ಹೆಸರು ಗಳಿಸಿದ.

ಒಂದು ಭಾನುವಾರ ವೈದ್ಯರ ತರಬೇತಿಯಲ್ಲಿ ಅವನೇ ಉಪನ್ಯಾಸ ಕೊಟ್ಟ: ಮಗುವನ್ನು ಪ್ರತಿ ಸಲವೂ ತೂಗಿಯೇ ಔಷಧದ ಪ್ರಮಾಣ ಬರೆಯಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಅವನ ತಂಗಿ ಜ್ವರ ಬಂದ ಮಗಳನ್ನು ಕ್ಲಿನಿಕ್ಕಿಗೆ ಕರೆತಂದಳು. ತೂಕದ ಯಂತ್ರ ಮೇಜಿನ ಕೆಳಗೆ ಹಳೆಯ ಪತ್ರಿಕೆಗಳ ಅಡಿಯಲ್ಲಿತ್ತು. ಅವನು ಮಗುವನ್ನು ಕಣ್ಣಿನಲ್ಲೇ ಅಳೆದು ಔಷಧ ಬರೆದ.

ಔಷಧ ಸಾಲಲಿಲ್ಲ. ಸೋಂಕು ಎದೆಗಿಳಿದು ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ತೂಗಿದಾಗ ಮಗುವಿನ ತೂಕ ಅವನ ಅಂದಾಜಿಗಿಂತ ಹೆಚ್ಚಿತ್ತು; ತಪ್ಪು ಬಯಲಾಯಿತು.

“ಅಣ್ಣಾ, ಊರಿಗೆಲ್ಲ ಪಾಠ ಹೇಳ್ತೀಯ. ನನ್ನ ಮಗಳನ್ನ ಒಂದ್ಸಲ ತೂಗೋಕೆ ಏನಾಗಿತ್ತು ನಿಂಗೆ?” ಎಂದಳು ತಂಗಿ.

ಅವನು ತಲೆ ಎತ್ತಲಿಲ್ಲ.

ಮಗು ಚೇತರಿಸಿಕೊಂಡಿತು, ಆ ತಪ್ಪು ಮಾತ್ರ ಅವನ ಮನಸ್ಸನ್ನು ಕೊರೆಯುತ್ತಲೇ ಇತ್ತು. ಮುಂದಿನ ತರಬೇತಿಗೆ ಅವನು ಆ ಯಂತ್ರವನ್ನೇ ಹೊತ್ತುಕೊಂಡು ಹೋದ. ನಡೆದದ್ದನ್ನು ಹೇಳಿ, “ಇವತ್ತು ಉಪನ್ಯಾಸ ಬೇಡ. ನಿಮ್ಮ ಕ್ಲಿನಿಕ್ಕಲ್ಲಿ ಇದು ಎಲ್ಲಿದೆ, ಅದನ್ನ ಹೇಳಿ,” ಎಂದ.

“ನಂದು ಬೀರು ಮೇಲಿದೆ ಕಣಯ್ಯ, ಇಳಿಸೋಕೆ ಏಣಿ ಬೇಕು,” ಎಂದರು ಹಿರಿಯರೊಬ್ಬರು. ಯಾರೂ ನಗಲಿಲ್ಲ.

ಈಗ ಆ ತರಬೇತಿಯಲ್ಲಿ ಹೊಸ ಪಾಠಕ್ಕೆ ಮೊದಲು, ಹಿಂದಿನ ಪಾಠ ಅವರವರ ಕ್ಲಿನಿಕ್ಕಿನಲ್ಲಿ ಎಷ್ಟು ನಡೆಯಿತೆಂದು ವಿಚಾರಿಸುತ್ತಾರೆ.

ತಂಗಿಯ ಮಗಳು ಬಂದರೆ, “ಮಾಮಾ, ಮೊದಲು ತೂಕ!” ಎಂದು ತಾನೇ ಯಂತ್ರ ಹತ್ತುತ್ತಾಳೆ. ಅವನು ಬಗ್ಗಿ ಮುಳ್ಳನ್ನು ಓದುತ್ತಾನೆ. ಓದಿಯಾದ ಮೇಲೂ ತಲೆ ಎತ್ತಲು ಅವನಿಗೆ ತುಸು ಹೊತ್ತು ಬೇಕಾಗುತ್ತದೆ.